ಮಂಗಳಕ್ಕನ ದನಿಯ ಟೊಮೆಟೊ ಗಿಡ

“ಲೇ ಪಾಲಾಕ್ಷ, ಸಾಕು ನಿಲ್ಸೋ! ಬೇರಿಗೆ ಉಸಿರುಗಟ್ತಾ ಇದೆ. ನನ್ನೇನು ಭತ್ತದ ಪೈರು ಅಂದ್ಕೊಂಡ್ಯಾ?”

ಬೈದದ್ದು ಟೊಮೆಟೊ ಗಿಡ. ಬೈಸಿಕೊಂಡವರು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಪಾಲಾಕ್ಷ. ಅರವತ್ತಾರರ ಆ ಮನುಷ್ಯ ನೀರಿನ ಮಗ್ಗನ್ನು ತಟ್ಟನೆ ಕೆಳಗಿಟ್ಟು, “ಆಯ್ತಕ್ಕ, ತಪ್ಪಾಯ್ತು” ಎಂದು ಬಾಲ್ಕನಿಯ ಬೆತ್ತದ ಸ್ಟೂಲಿನ ಮೇಲೆ ಕುಳಿತರು. ಮುಖದ ತುಂಬ ನಗು. ತುಮಕೂರಿನ ಆ ಕಟ್ಟಡದ ಆರನೆಯ ಮಹಡಿಗೆ 2058ರ ಎಳೆಬಿಸಿಲು ಆಗಷ್ಟೇ ಹತ್ತಿ ಬಂದಿತ್ತು.

ಕುಂಡದ ಮಣ್ಣಿನಲ್ಲಿ ಪೆನ್ಸಿಲಿನಷ್ಟು ಉದ್ದದ ಒಂದು ಕಡ್ಡಿ ನಿಂತಿತ್ತು. ಬಾಯಾರಿದ ಗಿಡದ ನೀರ್ನಾಳಗಳಲ್ಲಿ ಸಣ್ಣ ಗಾಳಿಗುಳ್ಳೆಗಳು ಒಡೆಯುತ್ತವೆ. ಮನುಷ್ಯನ ಕಿವಿಗೆ ನಿಲುಕದ ಆ ಚಿಟಚಿಟ ಸದ್ದನ್ನೂ ಎಲೆ, ಬೇರುಗಳಲ್ಲಿ ಏರಿಳಿಯುವ ಅತಿ ಸಣ್ಣ ವಿದ್ಯುತ್ತನ್ನೂ ಕಡ್ಡಿ ಹಿಡಿದು, ಅರ್ಥ ಮಾಡಿಕೊಂಡು, ಮಾತಾಗಿಸುತ್ತಿತ್ತು. ಕಂಡುಹಿಡಿದವಳು ಮೇಷ್ಟ್ರ ಹಳೆಯ ವಿದ್ಯಾರ್ಥಿನಿ ಡಾ. ಇಂಚರ. ಜನ್ಮದಲ್ಲಿ ಒಂದು ಗಿಡವನ್ನೂ ಬೆಳೆಸದವರ ಮೇಲೆ ಅದನ್ನು ಪರೀಕ್ಷಿಸಬೇಕಿತ್ತು. “ಹಾಗಾದ್ರೆ ನನಗಿಂತ ಯೋಗ್ಯ ಬೇರೆ ಯಾರಮ್ಮ?” ಎಂದು ಮೇಷ್ಟ್ರು ಒಪ್ಪಿಕೊಂಡಿದ್ದರು. ಮಾತು ಉಲಿಯುವ ಕಡ್ಡಿಗೆ ‘ಉಲಿಗಡ್ಡಿ’ ಎಂದು ಹೆಸರಿಟ್ಟವರೂ ಅವರೇ. “ಉಳ್ಳಾಗಡ್ಡಿ ಹಾಗೆ ಕಣ್ಣಲ್ಲಿ ನೀರು ತರಿಸದೇ ಇದ್ರೆ ಸರಿ” ಎಂದೂ ಸೇರಿಸಿದ್ದರು.

ಆ ಕಡ್ಡಿಗೆ ನಮಗೆ ಬೇಕಾದ ದನಿ ಕೊಡಬಹುದಿತ್ತು. ಎದುರಿಗೆ ಕುಳಿತು ಒಂದು ಗಂಟೆ ಮಾತಾಡಿದರೆ ಆ ದನಿಯನ್ನೂ ಮಾತಿನ ಧಾಟಿಯನ್ನೂ ಕಲಿತುಬಿಡುತ್ತಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಗ್ರೈಂಡರಿನವರೆಗೆ ಎಲ್ಲರ ದನಿಯನ್ನೂ ತೆಗೆಯುತ್ತಿದ್ದ ಪಾಲಾಕ್ಷ, ಉಲಿಗಡ್ಡಿಯ ಮುಂದೆ ಅಕ್ಕನ ದನಿ ತೆಗೆದರು.

ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಮಂಗಳಕ್ಕ. ತೀರಿಕೊಂಡು ಹತ್ತು ವರ್ಷ. ಯಾರಾದರೂ ಫೋನು ಎತ್ತಿ ಹಿಡಿದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವ ಹೆಂಗಸು. ಹಾಗಾಗಿ ಅವಳ ದನಿ ಯಾವ ಯಂತ್ರದಲ್ಲೂ ಉಳಿದಿರಲಿಲ್ಲ, ಒಂದು ಕಡೆ “ಆಫ್ ಮಾಡೋ ಅದನ್ನ” ಎಂಬ ಮೂರು ಮಾತು ಬಿಟ್ಟರೆ. ಉಳಿದದ್ದೆಲ್ಲ ತಮ್ಮನ ಗಂಟಲಿನಲ್ಲಿತ್ತು. ಆ ಗಂಟಲಿಗೂ ಈಚೆಗೆ ನಡುಕ ಹತ್ತಿತ್ತು.

ಮೊದಲ ತಿಂಗಳು ಹಬ್ಬ. ಕಡ್ಡಿಯನ್ನು ಪಕ್ಕದ ಕುಂಡಕ್ಕೆ ಚುಚ್ಚಿದಾಗ, ಮೆಂತ್ಯವನ್ನು ನಾಲ್ಕು ಅಂಗುಲ ಆಳಕ್ಕೆ ಹೂತದ್ದಕ್ಕೆ “ಬೀಜ ಬಿತ್ತಿದ್ಯೋ, ಹೆಣ ಹೂತ್ಯೋ?” ಎಂಬ ಬೈಗುಳ. ತಳದಲ್ಲಿ ತೂತಿಲ್ಲದ ಕುಂಡ ತಂದದ್ದಕ್ಕೆ ಇನ್ನೊಂದು. ಮೇಷ್ಟ್ರು ತಿದ್ದಿಕೊಂಡರು. ಮೆಂತ್ಯ ಎದ್ದಿತು. ಟೊಮೆಟೊ ಹೂ ಬಿಟ್ಟಿತು. ಅಂದಿನಿಂದ ಹೂಂ ಎನ್ನುವುದನ್ನೂ ಬಿಟ್ಟಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಕಡ್ಡಿ ಕೆಟ್ಟಿತೇನೋ ಎಂದು ಕಿತ್ತು ನೆಟ್ಟು ನೋಡಿದರು. ಕೆಟ್ಟಿರಲಿಲ್ಲ. ಗಿಡಕ್ಕೆ ಕಷ್ಟವಿರಲಿಲ್ಲ, ಅಷ್ಟೇ.

ಐದನೆಯ ದಿನ ಪಾಲಾಕ್ಷ ಬೇಕೆಂದೇ ನೀರು ಹಾಕಲಿಲ್ಲ. ಎರಡು ದಿನ ಕಳೆದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕುಂಡ ನರಳಿತು: “ಗಂಟಲು ಒಣಗ್ತಿದೆ ಕಣೋ... ಎಲ್ಲಿ ಸತ್ಯೋ?” ಓಡಿ ಹೋಗಿ ನೀರು ಹಾಕಿದರು. ಕಣ್ಣು ಒರೆಸಿಕೊಂಡರು. ಮುಂದಿನ ವಾರ ಮತ್ತೆ ಮರೆತರು, ಅಂದರೆ ನೆನಪಿಟ್ಟುಕೊಂಡು ಮರೆತರು.

ಎರಡು ತಿಂಗಳಾದ ಮೇಲೆ ಇಂಚರ ಬಂದಳು. ಉಲಿಗಡ್ಡಿಯಿಂದ ಕೈಯಲ್ಲಿದ್ದ ಪರದೆಗೆ ಬಂದಿದ್ದ ಗೆರೆಗಳನ್ನು ತೋರಿಸದೆಯೇ ಗಿಡದ ಬುಡದತ್ತ ಬಗ್ಗಿದಳು. ಉದುರಿದ ಹೂಗಳನ್ನು ಅಂಗೈಗೆ ಆಯ್ದುಕೊಂಡಳು. ಗಿಡದಲ್ಲಿ ಉಳಿದಿದ್ದದ್ದು ಒಂದೇ ಒಂದು ಕಾಯಿ, ಗೋಲಿಯಷ್ಟು.

“ಸರ್, ಏಳು ಸಲ ಉಪವಾಸ ಕೆಡವಿದೀರಿ. ಇನ್ನೊಂದೆರಡು ಸಲ ಆದ್ರೆ ಗಿಡಾನೇ ಇರಲ್ಲ.”

“ನಾನು ವಾರದ ಒಪ್ಪತ್ತು ಮಾಡ್ತೀನಲ್ಲಮ್ಮ, ಗಿಡಕ್ಕೂ ಸ್ವಲ್ಪ ಪುಣ್ಯ ಬರ್ಲಿ ಅಂತ...”

ಇಂಚರ ನಗಲಿಲ್ಲ. ಮೇಷ್ಟ್ರ ತಮಾಷೆಯೂ ಅರ್ಧಕ್ಕೇ ಬಾಡಿತು.

“ಚೆನ್ನಾಗಿರೋವಾಗ ಅದು ಮಾತಾಡಲ್ವಲ್ಲ ಇಂಚರಾ. ನಾನೇನು ಮಾಡ್ಲಿ?” ಎಂದರು ಮೆಲ್ಲಗೆ. “ಸುಖವಾಗಿದೀನಿ ಅಂತ ದಿನಕ್ಕೊಂದು ಮಾತು ಆಡೋ ಹಾಗೆ ಮಾಡೋಕಾಗಲ್ವಾ?”

“ಮಾಡ್ಬಹುದು ಸರ್. ಆದ್ರೆ ಅದು ಗಿಡದ ಮಾತಾಗಲ್ಲ, ನಾನು ಬರೆದುಕೊಟ್ಟ ಮಾತಾಗುತ್ತೆ. ನಿಮ್ಮಕ್ಕ ಯಾವತ್ತಾದ್ರೂ ಹಾಗೆ ಹೇಳ್ತಿದ್ರಾ, ಸುಖವಾಗಿದೀನಿ ಕಣೋ ಅಂತ?”

ಪಾಲಾಕ್ಷ ಬಾಯಿ ತೆರೆದರು. ಅಕ್ಕನ ದನಿಯಲ್ಲಿ ಆ ಮಾತನ್ನು ಹೇಳಿ ನೋಡೋಣವೆಂದುಕೊಂಡರು. ಬರಲಿಲ್ಲ. ಎಷ್ಟು ತಡಕಿದರೂ ಅಂಥ ಮಾತಿನ ರಾಗವೇ ನೆನಪಿನಲ್ಲಿ ಸಿಗಲಿಲ್ಲ.

ಸಿಕ್ಕಿದ್ದು ಬೇರೆ. ಚಿಕ್ಕಂದಿನ ವಠಾರದ ಹಿಂದಿನ ಕಟ್ಟೆ. ಅದರ ಮೇಲೆ ಎಣ್ಣೆ ಡಬ್ಬಗಳು, ಒಡೆದ ಬಕೆಟ್ಟು. ಅವುಗಳಲ್ಲಿ ಟೊಮೆಟೊ, ದೊಡ್ಡಪತ್ರೆ. ಸಂಜೆ ಅಕ್ಕ ಒಂದೊಂದು ಡಬ್ಬದ ಮಣ್ಣಿಗೂ ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸುವಳು. ಒಣಗಿದ್ದರೆ ನೀರು, ತಂಪಿದ್ದರೆ ಇಲ್ಲ. ಆಮೇಲೆ ಅವರೆಕಾಯಿ ಸುಲಿಯಲು ಕೂರುವಳು. ಪಕ್ಕದಲ್ಲಿ ತಾನು. ದೀಪ ಹಚ್ಚುವವರೆಗೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಬೈಸಿಕೊಂಡದ್ದೆಲ್ಲ ತಾನು ಕಿತಾಪತಿ ಮಾಡಿದ ದಿನಗಳಲ್ಲಿ. ಅಂಥ ದಿನಗಳು ಎಷ್ಟಿದ್ದವು? ಉಳಿದ ಸಾವಿರಾರು ಸಂಜೆಗಳಿಗೆ ದನಿಯೇ ಇರಲಿಲ್ಲ. ಊರಿನವರನ್ನೆಲ್ಲ ಅನುಕರಿಸಿದ ತನಗೆ ಅದೊಂದನ್ನು ಅನುಕರಿಸುವುದು ಹೊಳೆದಿರಲೇ ಇಲ್ಲ.

ಪಾಲಾಕ್ಷ ಎದ್ದು ಕುಂಡದ ಮಣ್ಣಿಗೆ ಬೆರಳಿಳಿಸಿದರು. ಒಂದು ಗೆಣ್ಣು, ಎರಡು ಗೆಣ್ಣು. ಒಣಗಿತ್ತು. ಅರ್ಧ ಮಗ್ಗು ನೀರನ್ನು ನಿಧಾನವಾಗಿ ಹುಯ್ದರು. ಉಲಿಗಡ್ಡಿ ಏನೋ ಹೇಳಲು ಗೊರಗುಟ್ಟಿ, ಹೇಳದೆ ನಿಂತಿತು.

ಅದನ್ನು ಅವರು ಕೀಳಲಿಲ್ಲ. ಆದರೆ ಅದು ಮತ್ತೆ ಬಾಯಿ ತೆರೆಯಲು ಬಿಡಲೂ ಇಲ್ಲ. ಮೂರು ವಾರದ ಮೇಲೆ ಆ ಒಂಟಿ ಕಾಯಿ ಕೆಂಪಾಯಿತು. ಇಂಚರಳಿಗೆ ಅರ್ಧ ಕೊಯ್ದು ಕೊಟ್ಟರು. ಉಪ್ಪು ಹಚ್ಚಿಕೊಂಡು ಇಬ್ಬರೂ ಸುಮ್ಮನೆ ತಿಂದರು. ಮರುವರ್ಷ ಉಲಿಗಡ್ಡಿ ಮಾರಾಟಕ್ಕೆ ಬಂದಾಗ ಅದರ ಜೊತೆಗಿನ ಪುಸ್ತಿಕೆಯ ಮೊದಲ ಸಾಲನ್ನು ಅವಳೇ ಬರೆದಿದ್ದಳು: ‘ಮೊದಲು ಬೆರಳು, ಆಮೇಲೆ ಕಡ್ಡಿ. ಇದು ಮಾತಾಡದಿದ್ದರೆ ರಿಪೇರಿಗೆ ತರಬೇಡಿ.’

ಆ ಕಡ್ಡಿ ನಮ್ಮ ಅಂಗಡಿಗಳಿಗೆ ಬರಲು ಇನ್ನೂ ಮೂರು ದಶಕ ಕಾಯಬೇಕು. ಬೆರಳಂತೂ ಈಗಲೇ ಇದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಅವರೆಕಾಯಿ ಸುಲಿಯುತ್ತ ಸುಮ್ಮನೆ ಕುಳಿತಿದ್ದರೆ, ಹೋಗಿ ಎದುರಿಗೆ ಕೂತು, ಒಂದು ಹಿಡಿ ಕಾಯನ್ನು ನಮ್ಮತ್ತ ಎಳೆದುಕೊಳ್ಳಬಹುದು.