ಚಾಚಿ, ನನಗೂ ಕಲಿಸ್ರಿ!

"ಯಾವ ಪುಣ್ಯಾತ್ಮ ಲೇ ಅದು? ಮುಂದ ಬಾ, ಮಾರಿ ನೋಡೂಣು!"

ನವಲಗುಂದದ ಕಂಪ್ಯೂಟರ್ ತರಬೇತಿ ಕೇಂದ್ರದ ಒಳಕೋಣೆಯಿಂದ ಬಂದ ಆ ಕೂಗಿಗೆ ಮುಬಶಿರಾ ಎರಡು ಹೆಜ್ಜೆ ಹಿಂದೆ ಸರಿದಳು.

ಅಂದು ಅವಳ ಮೊದಲ ದಿನ. ಅಣ್ಣಿಗೇರಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಮೇಜಿನ ಮೇಲೆ, ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಡಬ್ಬಿ. ಅದರಿಂದ ಹೊರಟ ಒಂದು ಕೇಬಲ್ಲಿನ ತುದಿ ಅನಾಥವಾಗಿ ಜೋತಾಡುತ್ತಿತ್ತು. 'ಪಾಪ, ಕಳಚಿ ಬಿದ್ದೈತಿ' ಅಂದುಕೊಂಡು ಅದನ್ನೆತ್ತಿ ಅದೇ ಡಬ್ಬಿಯ ಇನ್ನೊಂದು ಕಿಂಡಿಗೆ ಸಿಕ್ಕಿಸಿದ್ದಳು.

ಅಷ್ಟೇ!

ಡಬ್ಬಿಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕಿದವು. ಕೇಂದ್ರದ ಕಂಪ್ಯೂಟರುಗಳೆಲ್ಲ ಇದ್ದಲ್ಲೇ ಕಲ್ಲಾದವು.

ಒಳಗಿನಿಂದ ದಾಪುಗಾಲು ಹಾಕುತ್ತ ಬಂದವನು ಸಾಧಿಕ್. ಊರಿನ ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವ ಕೆಲಸ ಅವನದು. ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದ. ಅಣಕು ಪರೀಕ್ಷೆಯಲ್ಲಿ ಜೀವಮಾನದಲ್ಲಿ ಮೊದಲ ಸಲ ಪಾಸಾಗುವ ಹಂತಕ್ಕೆ ಬಂದು, ಕಡೆಯ ಪ್ರಶ್ನೆಗೆ ಉತ್ತರ ಒತ್ತುವಾಗ ಪರದೆ ನಿಂತುಹೋಗಿತ್ತು!

"ಒಂದ ಕೇಬಲ್ಲಿನ ಎರಡೂ ತುದಿ ಒಂದ ಡಬ್ಬಿಗೆ ಹಾಕ್ತಾರೇನ್ರಿ? ಹೋದ ಮಾತು ತಿರುಗಿ ಅಲ್ಲೇ ಬರ್ತೈತಿ, ಮತ್ತ ಹೋಗತೈತಿ, ಮತ್ತ ಬರ್ತೈತಿ... ಎಲ್ಲಾ ಜಾಮ್!"

"ಜೋತಾಡಾಕತ್ತಿತ್ರಿ... ಪಾಪ ಅನಿಸ್ತು..."

"ಕೇಬಲ್ಲಿಗೆ ಪಾಪ! ನನ್ನ ಪರೀಕ್ಷಾಕ್ಕ ಏನೂ ಇಲ್ಲ?"

ಮುಬಶಿರಾಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿದ್ದೇ ತಡ, ಸಾಧಿಕ್‌ನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. "ಅಳಬ್ಯಾಡ್ರಿ... ಹೆಂಗೂ ನಾ ಫೇಲ್ ಆಗಾಂವ ಇದ್ದೆ" ಅಂದುಬಿಟ್ಟ.

ಚಹಾದ ಕಪ್ಪು ಹಿಡಿದು ಬಂದ, ಕೇಂದ್ರ ನಡೆಸುವ ಕುಬೇರಪ್ಪ ಸರ್ ಇಬ್ಬರನ್ನೂ ನೋಡಿ ತೀರ್ಪು ಕೊಟ್ಟರು. "ಎಂಟ್ರೆನ್ಸಿನ್ಯಾಗ ಲೆಕ್ಕಕ್ಕ ಈಕೀನ ಫಸ್ಟು. ಕೈಕೆಲಸ ಹೆಂಗಂತ ಈಗ ನೋಡಿದ್ವಿ. ಸಾಧಿಕ್, ನಿಂದು ಕೈ ಚಲೋ, ಲೆಕ್ಕ ಸೊನ್ನಿ. ಇಬ್ಬರನೂ ಕೂಡಿಸಿದ್ರ ಪಾಸಾಗೋ ಮನುಷ್ಯಾ ಒಬ್ಬ ತಯಾರಾಗ್ತಾನ. ಬಾಜೂಕ ಕುಂದರ್ರಿ!"

ನಿಮಗೆ ನಗು ಬರಬಹುದು, ಆದರೆ ಮುಬಶಿರಾಗೆ ಇದು ಆಟವಾಗಿರಲಿಲ್ಲ ನೋಡ್ರಿ. ಈ ಪರೀಕ್ಷೆ ಪಾಸಾದರೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಅವಳಿಗಾಗಿ ಕಾಯುತ್ತಿತ್ತು. ಕಾಕಾಗಳೆಲ್ಲ ಸೇರಿ "ಹುಡುಗೀನ ದಿನಾ ಬಸ್ಸಿಗೆ ಕಳಸ್ತಿಯೇನು?" ಎಂದು ಗದ್ದಲ ಎಬ್ಬಿಸಿದಾಗ, ವೆಲ್ಡಿಂಗ್ ಅಂಗಡಿಯ ಅಬ್ಬಾ ರಹಿಮಾನಸಾಬ ಒಬ್ಬರೇ ಅವಳ ಪರ ನಿಂತಿದ್ದರು.

"ಒಮ್ಮೆ ಪರೀಕ್ಷಾ ಬರೀಲಿ. ಅಲ್ಲೀತನ ಯಾರೂ ಬಾಯಿ ತೆಗೀಬಾರ್ದು" ಎಂದಿದ್ದರು. ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿದ್ದರು. "ಊರಾಗ ಒಂದ ಮಾತು ಬಂತಂದ್ರ ನನ್ನ ಕೈ ಕಟ್ಟಿದಂಗ, ಬೇಟಾ. ಮತ್ತ ಬಸ್ಸು ಹತ್ತಸಾಕ ನನಗ ಆಗಂಗಿಲ್ಲ."

ಪಾಸಾದರೆ ಹುಬ್ಬಳ್ಳಿ. ಇಲ್ಲವಾದರೆ ಅಡುಗೆಮನೆ.

ಹೀಗೆ ಇಬ್ಬರ ಓದು ಶುರುವಾಯಿತು. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಕೊಡುವ ಅಡ್ರೆಸ್ಸಿನ ಲೆಕ್ಕವನ್ನು ಅವಳು ಅವನಿಗೆ ಕಲಿಸಿದಳು.

"ಅರವತ್ನಾಲ್ಕು ಅಡ್ರೆಸ್ ಇರೋ ಒಂದು ಓಣಿ ಅಂತ ತಿಳ್ಕೊ. ಎಷ್ಟು ಕಂಪ್ಯೂಟರಿಗೆ ಕೊಡಬಹುದು?"

"ಅರವತ್ನಾಲ್ಕು!"

"ಅರವತ್ತೆರಡು! ಮೊದಲನೇದು ಓಣಿಗೇ ಇಟ್ಟ ಹೆಸರು. ಕಡೀದು ಓಣಿಗೆಲ್ಲಾ ಕೂಗಿ ಹೇಳಾಕ, ಅದಕ್ಕ ಬ್ರಾಡ್‌ಕಾಸ್ಟ್ ಅಂತಾರ. ಅವೆರಡೂ ಯಾರಿಗೂ ಕೊಡಂಗಿಲ್ಲ."

ಸಾಧಿಕ್ ಗಂಭೀರವಾಗಿ ತಲೆಯಾಡಿಸಿದ. "ಹಂಗಾರ ಕಡೀದು ನಮ್ಮ ಅಮ್ಮೀದು. ಆಕೀಗೆ ಒಂದ ಮಾತು ಹೇಳಿದ್ರ ಸಾಕು, ಓಣಿಗೆಲ್ಲಾ ಮುಟ್ಟತೈತಿ."

ಮುಬಶಿರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮಾತು ಎಷ್ಟು ಖರೇ ಅಂತ ಅವಳಿಗೆ ಆಗ ಗೊತ್ತಿರಲಿಲ್ಲ!

ಅವನು ಅವಳಿಗೆ ಕಲಿಸಬೇಕಾದದ್ದು ಕೇಬಲ್ಲಿನ ಕೆಲಸ. ಒಳಗಿನ ಎಂಟು ಬಣ್ಣದ ತಂತಿಗಳನ್ನು ಸಾಲಾಗಿ ಜೋಡಿಸಿ, ಪ್ಲಗ್ಗಿಗೆ ತೂರಿಸಿ, ಇಕ್ಕಳದಿಂದ ಒತ್ತಬೇಕು. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಚಾಕಲೇಟ್, ಚಾಕಲೇಟ್. ಬಾಯಿಪಾಠ ಅವಳಿಗೆ ಸರಾಗ. ಆದರೆ ಬೆರಳು ಮಾತ್ರ ಕೇಳುತ್ತಿರಲಿಲ್ಲ. ಪ್ರತಿ ಸಲವೂ ಎರಡು ಹಸಿರನ್ನೂ ಒಟ್ಟಿಗೆ ಕೂಡಿಸಿಬಿಡುತ್ತಿದ್ದಳು.

"ಅವೆರಡೂ ಜೋಡಿ ಅಲ್ಲೇನು? ನಡುವ ನೀಲಿ ಯಾಕ ಬಂದು ಕುಂದರಬೇಕು?"

"ಅದ ನಿಯಮ!"

"ಏನ್ ಸುಡಗಾಡ ನಿಯಮಾನೋ!"

ಕುಬೇರಪ್ಪ ಸರ್ ಬೇರೆ ಖಡಾಖಂಡಿತವಾಗಿ ಹೇಳಿಬಿಟ್ಟರು. "ನನ್ನ ಮುಂದ ಕೇಬಲ್ ಮಾಡಿ ತೋರಿಸಿದವರನ್ನಷ್ಟ ಹುಬ್ಬಳ್ಳಿ ಪರೀಕ್ಷಾಕ್ಕ ಕಳಸ್ತೀನಿ."

ಒಂದು ಮಧ್ಯಾಹ್ನ ಕೇಂದ್ರದಲ್ಲಿ ಲೈಟು ಹೋಯಿತು. "ನಮ್ಮ ಮನಿ ಇಲ್ಲೇ ಜಮಖಾನ ಓಣ್ಯಾಗ. ಬೆಳಕು ಚಲೋ ಐತಿ, ಅಲ್ಲೇ ಪ್ರಾಕ್ಟೀಸ್ ಮಾಡೂಣು, ಬಾ" ಎಂದು ಸಾಧಿಕ್ ಕರೆದುಕೊಂಡು ಹೋದ.

ಅವನ ಅಮ್ಮಿ ಶಮೀಮಾಬಿ ನಿಲುವು ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತಿದ್ದರು. ಮನೆಯೊಳಗೆ ಉರ್ದು, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಆಡುವ ಹೆಂಗಸು. ಬಣ್ಣದ ನೂಲು ಅವರ ಬೆರಳಲ್ಲಿ ಸರಸರ ಸಾಗುತ್ತಿತ್ತು. ಒಂದು ಎಳೆಯೂ ತಪ್ಪಲಿಲ್ಲ.

ಮುಬಶಿರಾ ಬೆರಗಾಗಿ ನಿಂತಳು. 'ಇಷ್ಟು ಬಣ್ಣ ಇವರ ಬೆರಳಾಗ ಕುಂತಾವಂದ್ರ, ನನಗ ಎಂಟು ಯಾಕ ಕುಂದರಬಾರ್ದು?'

ಮರುಗಳಿಗೆ ಮಾತು ಬಾಯಿಂದ ಹಾರಿಹೋಯಿತು.

"ಚಾಚಿ, ನನಗೂ ಕಲಿಸ್ರಿ! ದಿನಾ ಬರ್ತೀನಿ. ಅಗದಿ ಮನಸ್ಸಿಟ್ಟು ಕಲೀತೀನಿ!"

ಶಮೀಮಾಬಿಯ ಕೈಯಲ್ಲಿದ್ದ, ಎಳೆ ಬಡಿದು ಕೂಡಿಸುವ ಕಬ್ಬಿಣದ ಪಂಜಾ ಠಣ್ಣೆಂದು ಕೆಳಗೆ ಬಿತ್ತು!

ಇಲ್ಲಿ ನಿಮಗೊಂದು ಮಾತು ಹೇಳಲೇಬೇಕು, ಅವಳಿಗಂತೂ ಯಾರೂ ಹೇಳಲಿಲ್ಲ. ಆ ಓಣಿಯಲ್ಲಿ ನೇಯ್ಗೆಯನ್ನು ಹೆತ್ತ ಮಗಳಿಗೂ ಕಲಿಸುವುದಿಲ್ಲ. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಪರರ ಮನೆಗೆ ಹೋಗುತ್ತದೆ ಅಂತ. ಕಲಿಸುವುದು ಸೊಸೆಗೆ ಮಾತ್ರ. ಆ ಮನೆಗೆ ಬಂದು "ನನಗೂ ಕಲಿಸ್ರಿ" ಅಂದ ಹುಡುಗಿ ಏನು ಕೇಳಿದ ಹಾಗಾಯಿತು, ನೀವೇ ಹೇಳ್ರಿ!

ಅಷ್ಟರಲ್ಲಿ ಚಹಾ ಹಿಡಿದು ಬಂದ ಸಾಧಿಕ್ ಬಾಗಿಲಲ್ಲೇ ಗರ ಬಡಿದವನಂತೆ ನಿಂತ. ಅಮ್ಮಿ ಅವನತ್ತ ನೋಡಿದರು. ಅವನು ಹೇಳಬೇಕಿತ್ತು, 'ಆಕೀಗೆ ಪದ್ಧತಿ ಗೊತ್ತಿಲ್ಲ' ಅಂತ. ಆದರೆ ಅವನ ಎದೆಯೊಳಗೆ ಆಗಲೇ ಬ್ಯಾಂಡು ಬಾರಿಸತೊಡಗಿತ್ತು.

"ಚಾ ಆರತೈತಿ..." ಅಂದ. ದಡ್ಡ!

ಶಮೀಮಾಬಿ ಮುಬಶಿರಾಳ ಗಲ್ಲ ಸವರಿ, ಪಕ್ಕಕ್ಕೆ ಕೂರಿಸಿಕೊಂಡು, ಕೈಗೆ ನೂಲು ಕೊಟ್ಟೇಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಓಣಿಯ ಹೆಂಗಸರೆಲ್ಲ ಬಂದು ತುಂಬಿಕೊಂಡರು. ಒಬ್ಬಾಕೆ ಬಾಯಿಗೆ ಸಕ್ಕರೆ ಹಾಕಿದಳು. ಇನ್ನೊಬ್ಬಾಕೆ ಮಣಿಕಟ್ಟಿಗೆ ದಾರ ಸುತ್ತಿ ಬಳೆಯ ಅಳತೆ ತೆಗೆದುಕೊಂಡಳು. ಮತ್ತೊಬ್ಬಾಕೆ "ರೊಟ್ಟಿ ಬಡೀತಿಯೇನವಾ?" ಎಂದು ಕೇಳಿದಳು.

'ಎಷ್ಟು ಚಲೋ ಮಂದಿ! ಕಂಪ್ಯೂಟರ್ ಕಲಿಯಾಕ ಬಂದಾಕೀಗೆ ನಮ್ಮೂರಾಗ ಯಾರರ ಸಕ್ರಿ ಹಾಕ್ತಾರೇನು?' ಎಂದು ಮುಬಶಿರಾ ಕರಗಿಹೋದಳು.

ದಿನವೂ ಬಂದಳು. ತಂತಿಯ ಬಣ್ಣಗಳನ್ನು ಶಮೀಮಾಬಿಗೆ ತೋರಿಸಿದಳು. ಅವರು ಅದೇ ಸಾಲನ್ನು ಜಮಖಾನದ ಅಂಚಿಗೆ ಪಟ್ಟೆಯಾಗಿ ಹಾಕಿಕೊಟ್ಟರು.

"ಇದರಾಗ ತಲಿ ಕೆಡಿಸ್ಕೊಳ್ಳೂದು ಏನೈತಿ? ಹಸಿರು ಗಂಡ-ಹೆಂಡ್ತಿ. ನಡುವ ನೀಲಿ ಕೂಸುಗಳು ಮಲಗ್ಯಾವ. ಕೂಸು ನಡುವ ಮಲಗಿದ್ರ ಗಂಡ-ಹೆಂಡ್ತಿ ಆಕಡೆ ಒಬ್ಬರು, ಈಕಡೆ ಒಬ್ಬರು ಆಗೂದಿಲ್ಲೇನು?"

"ಅಯ್ಯ, ಹೌದಲ್ರಿ ಚಾಚಿ!" ಎಂದು ಅವಳು ಚಪ್ಪಾಳೆ ತಟ್ಟಿದಳು. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕರು. ಸಾಧಿಕ್‌ನ ಕಿವಿ ಕೆಂಪಾಯಿತು.

ಒಂದು ದಿನ ನೂಲೆಳೆಯುವಾಗ ಅವಳ ಬೆರಳು ಕೊಯ್ದುಹೋಯಿತು. ಸಾಧಿಕ್ ಗಾಬರಿಯಿಂದ ಜೇಬು ತಡಕಾಡಿ, ವೈರಿಗೆ ಸುತ್ತುವ ಕಪ್ಪು ಟೇಪು ತೆಗೆದ. ಬೆರಳಿಗೆ ಚಿಂದಿ ಬಟ್ಟೆಯಿಟ್ಟು, ಮೇಲೆ ಟೇಪು ಸುತ್ತಿದ.

"ಇನ್ನ ಶಾಕ್ ಹೊಡಿಯಂಗಿಲ್ಲ" ಅಂದ.

ಹೊಡೆಯುವುದೇನು, ಅವನು ಬೆರಳು ಹಿಡಿದಾಗಲೇ ಹೊಡೆದಾಗಿತ್ತು! ಗಾಯ ಮಾಯ್ದರೂ ಮುಬಶಿರಾ ಆ ಟೇಪನ್ನು ಬಿಚ್ಚಲಿಲ್ಲ. 'ಹೇ ಅಲ್ಲಾ... ನನಗ ಏನಾಗಾಕತ್ತೈತಿ?' ಎಂದು ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ತನ್ನಷ್ಟಕ್ಕೇ ನಕ್ಕಳು.

ಆ ನಗು ಅದೇ ಬಸ್ಸಿನಲ್ಲಿ ಮಾಯವಾಯಿತು. ನವಲಗುಂದದಲ್ಲಿ ಮೊಸರು ಮಾರಿ ಅಣ್ಣಿಗೇರಿಗೆ ಮರಳುತ್ತಿದ್ದ ದುಂಡವ್ವ, ಖಾಲಿ ಗಡಿಗೆ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು.

"ಲಗ್ನ ಯಾವಾಗವಾ? ಶಮೀಮಾಬಿ ಸೊಸಿ ಆಗಾಕತ್ತೀಯಂತಲ್ಲ! ಮಗ್ಗಕ್ಕ ಕುಂದರಿಸ್ಯಾಳಂದ ಮ್ಯಾಲೆ ಮುಗೀತು. ಹೆತ್ತ ಮಗಳಿಗೂ ಕಲಿಸದಾಕಿ ನಿನಗ ಕಲಿಸಾಕತ್ತಾಳ! ನಿಮ್ಮಪ್ಪಗ ಶುಭಾಶಯ ಹೇಳಾಕ ಹೊಂಟೇನಿ ನೋಡು."

ಮುಬಶಿರಾಗೆ ಬಸ್ಸು ತಿರುಗಿದಂತಾಯಿತು. ಸಕ್ಕರೆ... ಬಳೆ ಅಳತೆ... ರೊಟ್ಟಿ... ಒಂದೊಂದೇ ತಲೆಗೆ ಹತ್ತಿತು!

ಮರುದಿನ ಬೆಳಿಗ್ಗೆ ಕೇಂದ್ರದ ಅಂಗಳದಲ್ಲಿ ಸಾಧಿಕ್‌ನನ್ನು ಅಡ್ಡಗಟ್ಟಿದಳು.

"ನಿನಗ ಗೊತ್ತಿತ್ತು?"

ಅವನು ನೆಲ ನೋಡಿದ. "ಗೊತ್ತಿತ್ತು... ದಿನಾ ಹೇಳಬೇಕಂತಿದ್ದೆ. ಹೇಳಿದ್ರ ನೀ ಬರೂದು ಬಿಡ್ತಿದ್ದಿ."

"ಬಿಡೂದೋ ಬರೂದೋ, ಅದು ನಾ ಹೇಳೋ ಮಾತು ಸಾಧಿಕ್! ನನ್ನ ಕೇಳದ ನೀವೆಲ್ಲಾ ಕೂಡಿ ಠರಾವು ಮಾಡಿಬಿಟ್ರಿ? ಕಾಕಾಗಳು ರಾತ್ರೀನ ಬಂದಿದ್ರು. 'ಓದಾಕ ಕಳಿಸಿದ್ರ ಸಂಬಂಧ ನೋಡ್ಕೊಂಡಾಳ' ಅಂದ್ರು. ಅಬ್ಬಾ ಒಂದೂ ಮಾತಾಡಲಿಲ್ಲ. ಇವತ್ತ ನನ್ನ ಕಡೀ ಬಸ್ಸು!"

ಟೇಪು ಕಿತ್ತು ಅವನ ಕೈಯಲ್ಲಿಟ್ಟು ಹೊರಟುಹೋದಳು. ಕಣ್ಣೀರು ತಡೆಯಲಿಲ್ಲ. ಅವನ ಮೇಲೆ ಸಿಟ್ಟು ಬಂದದ್ದಕ್ಕಿಂತ, ಅವನು ಬೇಕು ಅನಿಸಿದ್ದಕ್ಕೇ ಹೆಚ್ಚು ಅಳು ಬಂತು.

ಸಾಧಿಕ್ ನೆಟ್ಟಗೆ ಮನೆಗೆ ನಡೆದ. ಓಣಿಯ ಹೆಂಗಸರೆಲ್ಲರ ಮುಂದೆ ಅಮ್ಮಿಗೆ ಹೇಳಿದ. "ಆಕಿದೇನೂ ತಪ್ಪಿಲ್ಲ. ಆಕೀಗೆ ನಮ್ಮ ಪದ್ಧತಿ ಗೊತ್ತಿದ್ದಿಲ್ಲ. ಗೊತ್ತಿದ್ದಾಂವ ನಾನು, ಬಾಯಿ ಮುಚ್ಚಿಕೊಂಡು ಕುಂತೆ."

ಶಮೀಮಾಬಿ ಪಂಜಾ ಎತ್ತಿಕೊಂಡು ಮಗನ ಬೆನ್ನು ಹತ್ತಿದರು. "ಭಾಡ್ಯಾ! ಮೊದಲ ಹೋಗಿ ಆಕಿ ಅಪ್ಪಗ ಹೇಳು! ಆಕಿ ಪರೀಕ್ಷಾ ತಪ್ಪಿತಂದ್ರ ಮನೀಗೆ ಬರಬ್ಯಾಡ!"

ಅಣ್ಣಿಗೇರಿಯ ವೆಲ್ಡಿಂಗ್ ಅಂಗಡಿಯಲ್ಲಿ ರಹಿಮಾನಸಾಬ ಗ್ರೈಂಡರ್ ಹಿಡಿದು ಕಬ್ಬಿಣ ಉಜ್ಜುತ್ತಿದ್ದರು. ಕಿವಿ ಗಡಚಿಕ್ಕುವ ಸದ್ದು.

"ಚಾಚಾ, ನಾನು ಸಾಧಿಕ್..."

"ಏನು?"

"ನಿಮ್ಮ ಮಗಳ ತಪ್ಪಿಲ್ರಿ!"

"ಏನು? ಗೇಟ್ ತಪ್ಪೈತಿ?"

ಸಾಧಿಕ್ ಎದೆ ತುಂಬ ಉಸಿರೆಳೆದು ಒದರಿದ. "ಆಕೀಗೆ ಏನೂ ಗೊತ್ತಿಲ್ರಿ! ನಾನ ಆಕೀನ ಪ್ರೀತಿ ಮಾಡಾಕತ್ತೀನಿ!"

ಗ್ರೈಂಡರ್ ನಿಂತದ್ದು ಸರಿಯಾಗಿ ಅದೇ ಗಳಿಗೆಯಲ್ಲಿ! ಬಾಜು ಅಂಗಡಿಯವರು ತಕ್ಕಡಿ ಹಿಡಿದಲ್ಲೇ ನಿಂತರು. ಅಂಗಡಿಯ ಹಿಂದಿನ ಮನೆಯಲ್ಲಿ ಮುಬಶಿರಾಳ ಕೈಯಿಂದ ಲಟ್ಟಣಿಗೆ ಜಾರಿತು.

ಸಾಧಿಕ್ ದನಿ ಸಣ್ಣದು ಮಾಡಿದ. "ಆಕಿ ಪರೀಕ್ಷಾಕ್ಕಂತ ಬಂದಿದ್ಲು, ಅಷ್ಟರಿ. ಬರೀಲಿಕ್ಕ ಬಿಡ್ರಿ. ನಾ ಇದ್ರ ತ್ರಾಸು ಅಂದ್ರ ನಾನ ಕ್ಲಾಸ್ ಬಿಡ್ತೀನಿ."

ರಹಿಮಾನಸಾಬ ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಾತು ಬರಬಾರ್ದಂತ ನಾ ಹೆದರಿಕೊಂಡು ಕುಂತಿದ್ದೆ. ನೀ ಪ್ಯಾಟಿಗೆಲ್ಲಾ ಕೇಳೂಹಂಗ ಒದರಿದಿ. ಇನ್ನ ಬರೋ ಮಾತರ ಏನು ಉಳೀತು?" ಆಮೇಲೆ ಮನೆಯತ್ತ ತಿರುಗಿ ದನಿ ಏರಿಸಿದರು. "ಮುಬಶಿರಾ! ನಾಳೆ ಬಸ್ಸಿಗೆ ತಯಾರಾಗು. ನಿಮ್ಮ ಕಾಕಾಗಳಿಗೆ ನಾ ಹೇಳ್ತೀನಿ. ಏ ಹುಡುಗಾ, ನೀನೂ ಓದು. ಫೇಲ್ ಆದಾಂವಗ ನನ್ನ ಅಂಗಡ್ಯಾಗ ಚಾ ಸೈತ ಇಲ್ಲ!"

ಮುಬಶಿರಾ ಕ್ಲಾಸಿಗೆ ಬಂದಳು. ಆದರೆ ಅವನ ಜೊತೆ ಲೆಕ್ಕ ಬಿಟ್ಟು ಬೇರೆ ಮಾತಿಲ್ಲ. ಕುಬೇರಪ್ಪ ಸರ್ ಮುಂದೆ ಕೇಬಲ್ ಬಿಚ್ಚಿ ಎಂಟೂ ತಂತಿ ಹರಡಿದಳು. ಕಣ್ಣು ಮುಚ್ಚಿದಳು. ಹಸಿರು ಗಂಡ-ಹೆಂಡ್ತಿ, ನಡುವೆ ನೀಲಿ ಕೂಸುಗಳು... ಬೆರಳು ತಾನಾಗಿಯೇ ನಡೆಯಿತು. ಇಕ್ಕಳ ಒತ್ತಿ ಟೆಸ್ಟರಿಗೆ ಹಾಕಿದಾಗ ಎಂಟೂ ದೀಪ ಸಾಲಾಗಿ ಹಸಿರು ಹತ್ತಿದವು!

ಹುಬ್ಬಳ್ಳಿಯ ಪರೀಕ್ಷೆಯಲ್ಲಿ ಅವಳು ಭರ್ಜರಿಯಾಗಿ ಪಾಸಾದಳು. ಸಾಧಿಕ್ ಕೂದಲೆಳೆಯ ಅಂತರದಲ್ಲಿ ಪಾಸಾಗಿ, ನಂಬಿಕೆ ಬಾರದೆ ಪರದೆಯನ್ನೇ ಮತ್ತೆ ಮತ್ತೆ ನೋಡಿದ. ಹೊರಗೆ ಬಂದಾಗ ಅವಳು ಅಲ್ಲಿರಲಿಲ್ಲ. 'ಹೋದ್ಲು... ಒಂದು ಮಾತೂ ಹೇಳದ ಹೋದ್ಲು' ಎಂದು ಜೋಲುಮುಖ ಹಾಕಿಕೊಂಡು ನವಲಗುಂದದ ಬಸ್ಸು ಹತ್ತಿದ.

ಮನೆ ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಒಳಗೆ ಮಗ್ಗದ ಮುಂದೆ ಅವಳು ನಿಂತಿದ್ದಳು! ಅಂಚಿನ ಎಂಟು ಪಟ್ಟೆ ಅವಳು ಬಿಟ್ಟುಹೋದಲ್ಲೇ ಇದ್ದವು. ಶಮೀಮಾಬಿ ಅವಕ್ಕೆ ಕೈ ಹಚ್ಚಿರಲಿಲ್ಲ.

"ಚಾಚಿ," ಮುಬಶಿರಾ ಆ ಪಟ್ಟೆಗಳ ಮೇಲೆ ಬೆರಳಾಡಿಸಿದಳು. "ನನಗ ಉಳಿದದ್ದೂ ಕಲಿಸ್ರಿ."

ಪಂಜಾ ಗಾಳಿಯಲ್ಲೇ ನಿಂತಿತು. "ಈ ಓಣಿ ಪದ್ಧತಿ ಈಗ ಗೊತ್ತೈತೇನವಾ ನಿನಗ?"

"ಗೊತ್ತೈತ್ರಿ. ಅದಕ್ಕ ಕೇಳಾಕತ್ತೀನಿ. ಅಬ್ಬಾಗೂ ಹೇಳೇ ಬಂದೀನಿ. ಆದ್ರ ಸೋಮವಾರದಿಂದ ಹುಬ್ಬಳ್ಳ್ಯಾಗ ನೌಕರಿ ಐತಿ, ಅದನ್ನ ಬಿಡಂಗಿಲ್ಲ. ರವಿವಾರಕ್ಕೊಮ್ಮೆ ಬಂದು ಕಲೀತೀನಿ."

"ರವಿವಾರಕ್ಕೊಮ್ಮೆ? ಇದು ಮುಗಿಯೂದ್ರಾಗ ಮೊಮ್ಮಕ್ಕಳು ಇದರ ಮ್ಯಾಲ ಅಂಬೆಗಾಲಿಡ್ತಾವು!" ಎಂದು ಬೈಯುತ್ತಲೇ ಶಮೀಮಾಬಿ ಅವಳನ್ನು ಬಾಚಿ ತಬ್ಬಿಕೊಂಡರು. ಆಮೇಲೆ ಬಾಗಿಲಲ್ಲಿದ್ದ ಮಗನನ್ನು ಕಂಡು, "ಓಣಿಗೆ ಹೇಳಿ ಬರ್ತೀನಿ" ಎಂದು ಸೆರಗು ಹೊದ್ದು ಹೊರಟೇಬಿಟ್ಟರು.

ಮುಬಶಿರಾ ತಿರುಗಿ ನಿಂತಳು. "ಈಗಾದ್ರೂ ಏನರ ಹೇಳ್ತಿಯೋ... ಇಲ್ಲಾ, ಚಾ ಆರತೈತಿ ಅಂತೀಯೋ?"

ಸಾಧಿಕ್ ಬಾಯಿ ತೆರೆದ. ಅವಳು ಓಡಿಬಂದು ಅಂಗೈ ಅಡ್ಡ ಹಿಡಿದಳು.

"ಒದರಬ್ಯಾಡ! ಹೋದ ಸಲ ಪ್ಯಾಟಿಗೆಲ್ಲಾ ಹೇಳಿದಿ. ಈ ಸಲ ನನಗೊಬ್ಬಾಕೀಗೆ ಹೇಳು."

ಅವನು ಜೇಬಿನಿಂದ, ಅವಳು ಅಂದು ಕಿತ್ತುಕೊಟ್ಟಿದ್ದ ಆ ಕಪ್ಪು ಟೇಪಿನ ಸುರುಳಿ ತೆಗೆದು ಅವಳ ಅಂಗೈಯಲ್ಲಿಟ್ಟ. ಬಗ್ಗಿ ಕಿವಿಯಲ್ಲಿ ಮೆಲ್ಲಗೆ ಹೇಳಿದ. ಏನು ಹೇಳಿದ ಅಂತ ನನ್ನ ಕೇಳಬ್ಯಾಡ್ರಿ, ಅದು ನನಗೂ ಮುಟ್ಟಲಿಲ್ಲ.

"ಕೇಳಿಸ್ತೇನು?"

"ಕೇಳಿಸ್ತು," ಅವಳು ಕಣ್ಣು ಒರೆಸಿಕೊಂಡು ನಕ್ಕಳು. "ಇನ್ನೊಮ್ಮೆ ಹೇಳು."