ನಾಲ್ಕನೆಯ ಬಾಗಿಲಿನ ಕಡತ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಜಾಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಯಾರಿಗೆ ಏನು ಬೇಕಾದರೂ ಮನೆಯ ಕಿಟಕಿಯಲ್ಲಿ ನಿಂತು ಗಿಳಿಗೆ ಹೇಳಿದರೆ ಸಾಕು. ಗಿಳಿ ಅರಮನೆಗೆ ಹಾರಿ, ಏಳು ಬಾಗಿಲು ದಾಟಿ, ಕೇಳಿದ್ದನ್ನು ಕೊಕ್ಕಿನಲ್ಲಿ ಹಿಡಿದು ಮರಳುತ್ತಿತ್ತು. ಯಾವ ಬಾಗಿಲಲ್ಲಿ ಎಡವಟ್ಟಾದರೂ ಅಲ್ಲಿಯ ಕರಿಬಟ್ಟೆಯ ಕಡತದಲ್ಲಿ ಬಳಪದಿಂದ ಬರೆಯಬೇಕೆಂದು ಕಟ್ಟಳೆ. ಏಕೆಂದರೆ ಹಿಂದೊಬ್ಬ ಮಾಂತ್ರಿಕ ಸಿಟ್ಟಿನಲ್ಲಿ ಅರಮನೆಯೊಳಗೆ ನುಂಗುಬಾಕ ಎಂಬ ಮೃಗವನ್ನು ಬಿಟ್ಟುಹೋಗಿದ್ದ. ಅಳಿಸಿದ ತಪ್ಪೇ ಅದರ ಊಟ.

ನಾಲ್ಕನೆಯ ಬಾಗಿಲು ಮದ್ದಿನ ಉಗ್ರಾಣದ್ದು. ಅದನ್ನು ಕಾಯುತ್ತಿದ್ದ ಬಾಚರಸ ಏಳು ಕಡತಗಳಿಗೂ ಹಿರಿಯ. ಇಪ್ಪತ್ತು ವರ್ಷದಲ್ಲಿ ಅವನ ಬಾಗಿಲಲ್ಲಿ ಒಂದೂ ತಪ್ಪಾಗಿಲ್ಲವೆಂದು ಊರೆಲ್ಲ ಹೊಗಳುತ್ತಿತ್ತು. ತಪ್ಪು ಆಗುತ್ತಲೇ ಇತ್ತು. ಬರೆದ ಮರುಗಳಿಗೆಯೇ ಪುಣ್ಯಾತ್ಮ ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದ, ಅಷ್ಟೇ.

ಒಂದು ವರ್ಷ ಗಿಳಿಗಳು ಕಾಣೆಯಾಗತೊಡಗಿದವು. ರಾಣಿ ಕೇಳಿದರೆ ಬಾಚರಸ, "ಎಲ್ಲೋ ಏನೋ ತಪ್ಪಾಗಿದೆ, ತಾಯಿ" ಎಂದ. ಏಳು ಕಡತಗಳ ಸಾವಿರ ಸಾಲುಗಳಲ್ಲಿ ಎಲ್ಲೋ ಎಂದರೆ ಎಲ್ಲಿ ಹುಡುಕುವುದು?

ಆಗ ನೇಕಾರರ ಮಗಳು ಮಾಚಲೆ ಮುಂದೆ ಬಂದಳು. "ನಮ್ಮಜ್ಜಿಯ ರಾಟೆಯ ನೂಲು ಮುಗಿಯೋದೇ ಇಲ್ಲ, ತಾಯಿ. ಒಂದೊಂದು ಗಿಳಿಯ ಕಾಲಿಗೆ ಒಂದೊಂದು ಬಣ್ಣದ ಎಳೆ ಕಟ್ಟೋಣ. ಎಲ್ಲಿ ನಿಂತಿತು ಅಂತ ನೂಲು ಹೇಳುತ್ತೆ. ಏಕೆ ನಿಂತಿತು ಅಂತ ಕಡತ ಹೇಳುತ್ತೆ."

"ಮೂರು ಗಿಳಿ ಹುಡುಕಿಕೊಡು. ಕಡತಗಳ ಹಿರಿತನ ನಿನ್ನದು" ಎಂದಳು ರಾಣಿ. ಬಾಚರಸನ ಹೊಟ್ಟೆಗೆ ಬೆಂಕಿ ಬಿತ್ತು.

ಮೊದಲ ದಿನ ಹಳದಿ ಎಳೆ ಆರನೆಯ ಬಾಗಿಲಲ್ಲಿ ನಿಂತಿತು. 'ಚಿಲಕಕ್ಕೆ ತುಕ್ಕು' ಎಂದಿತ್ತು ಕಡತ. ಎಣ್ಣೆ ಬಿಟ್ಟರು, ಗಿಳಿ ಹಾರಿಬಂತು. ಎರಡನೆಯ ದಿನ ಕೆಂಪು ಎಳೆ ಎರಡನೆಯ ಬಾಗಿಲಲ್ಲಿ ನಿಂತಿತು. 'ಹೆಸರು ಕೇಳಿಸಲಿಲ್ಲ' ಎಂದಿತ್ತು ಕಡತ. ಮತ್ತೆ ಕೇಳಿದರು, ಗಿಳಿ ಹಾರಿಬಂತು. ರಾಣಿ ತನ್ನ ಕೈಯಾರೆ ಮಾಚಲೆಗೆ ತಾಂಬೂಲ ಕೊಟ್ಟಳು. ಇಪ್ಪತ್ತು ವರ್ಷದಲ್ಲಿ ಬಾಚರಸನಿಗೆ ಒಂದು ಅಡಿಕೆಚೂರೂ ಸಿಕ್ಕಿರಲಿಲ್ಲ. ಅವನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಮೂರನೆಯ ದಿನ ಬೆಳಗ್ಗೆ ಬಾಚರಸನ ಮಗಳು ಕೇತಲೆಯ ಮೈ ಬಿಸಿಯಿತ್ತು. ಹೆಂಡತಿ ಕರೆದರೂ ನಿಲ್ಲದೆ ಅರಮನೆಗೆ ಓಡಿದ. ಸ್ವಲ್ಪ ಹೊತ್ತಿಗೇ ಒಂದು ಗಿಳಿ ಉಗ್ರಾಣದ ಕತ್ತಲೆಯಲ್ಲಿ ಸಿಕ್ಕಿಬಿತ್ತು. ಬಾಚರಸ ಅಭ್ಯಾಸಬಲದಿಂದ ಒಂದು ಸಾಲು ಬರೆದ. ಆಮೇಲೆ ಅದರ ಕಾಲಿನ ನೀಲಿ ಎಳೆ ಕಂಡಿತು. ಮಾಚಲೆಗೆ ಮೂರನೆಯದು ಸಿಗಬಾರದು ಎಂದುಕೊಂಡ. ಸಾಲು ಒರೆಸಿದ, ನೂಲು ಕಡಿದ. ಒಳಗೆ ಏನೋ ಗುಳುಂ ಎಂದಿತು.

ಮಾಚಲೆ ನೂಲು ಹಿಡಿದು ಬಂದಳು. "ಎಳೆ ಇಲ್ಲಿಗೇ ಮುಗಿದಿದೆ, ಬಾಚಣ್ಣ."

"ನಾನೇನೂ ಕಡಿದಿಲ್ಲ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನೀಲಿ ಎಳೆ ನಿಮ್ಮ ಮನೆ ಕಿಟಕಿಯದು, ಬಾಚಣ್ಣ. ಕೇತಲೆಗೆ ಜ್ವರ ಏರಿ ಕಣ್ಣು ಬಿಡ್ತಿಲ್ಲ. ಅಮೃತಬಳ್ಳಿ ಬೇಕು ಅಂತ ಅತ್ತಿಗೆ ಗಿಳಿ ಕಳಿಸಿದ್ರು. ಏಕೆ ನಿಂತಿತು ಅಂತ ನಿಮ್ಮ ಕಡತದಲ್ಲಿ ಏನೂ ಇಲ್ಲವಲ್ಲ?"

ಬಾಚರಸ ಉಗ್ರಾಣದೊಳಗೆ ಓಡಿದ. ಅಲ್ಲಿ ನುಂಗುಬಾಕ ಒರೆಸಿದ ತಪ್ಪುಗಳನ್ನು ತಿಂದು ತಿಂದು ಆನೆಯ ಗಾತ್ರ ಬೆಳೆದು, ಸಿಕ್ಕಿಬಿದ್ದ ಗಿಳಿಗಳನ್ನೂ ನುಂಗಿ, ಬಾಯಿ ಬಿಗಿದು ಕೂತಿತ್ತು. ಅವನು ಬಳಪ ಹಿಡಿದ. ಒರೆಸಿದ ತಪ್ಪುಗಳನ್ನೆಲ್ಲ ನೆನೆನೆನೆದು ಬರೆದ. ಆನೆ ಎತ್ತಾಯಿತು, ಎತ್ತು ನಾಯಿಯಾಯಿತು. ಆದರೂ ಬಾಯಿ ಬಿಡಲಿಲ್ಲ. ಇನ್ನೊಂದು ಸಾಲು ಉಳಿದಿತ್ತು. ಮಾಚಲೆ ನೋಡುತ್ತಿದ್ದಂತೆಯೇ ಅದನ್ನೂ ಬರೆದ: 'ಇವಳ ಮೇಲಿನ ಹೊಟ್ಟೆಕಿಚ್ಚಿಗೆ ನೂಲು ಕಡಿದವನು ನಾನು.'

ಮೃಗ ಬಾಯಿ ತೆರೆಯಿತು. ಕಾಣೆಯಾದ ಗಿಳಿಗಳೆಲ್ಲ ಪುರ್‍ರೆಂದು ಹಾರಿದವು. ನೀಲಿ ಎಳೆಯದು ಅಮೃತಬಳ್ಳಿ ಕಚ್ಚಿಕೊಂಡು ಎಲ್ಲಕ್ಕಿಂತ ಮುಂದಿತ್ತು. ಸಂಜೆಗೆ ಕೇತಲೆ ಎದ್ದು ಕೂತು ಗಂಜಿ ಕೇಳಿದಳು.

ಮಾಚಲೆ ಏಳು ಕಡತಗಳಿಗೂ ಹಿರಿಯಳಾದಳು, ಜಾಲಾವತಿಯಲ್ಲಿ ಕೇಳಿದವರಿಗೆಲ್ಲ ಕೇಳಿದ್ದು ಸಿಕ್ಕಿತು. ನುಂಗುಬಾಕ ಹಲ್ಲಿಯಷ್ಟಾಗಿ ನಾಲ್ಕನೆಯ ಬಾಗಿಲ ಗೋಡೆ ಸೇರಿತು. ಯಾರಾದರೂ ಒದ್ದೆ ಬಟ್ಟೆಗೆ ಕೈ ಹಾಕಿದರೆ ಲೊಚಗುಟ್ಟುತ್ತಿತ್ತು. ಬಾಚರಸ ಮಾತ್ರ ದಿನವೂ ಕಡತದ ಕೊನೆಗೆ ಒಂದು ಸಾಲು ಬರೆಯುತ್ತಿದ್ದ: 'ಇಂದೂ ತುಸು ಹೊಟ್ಟೆಕಿಚ್ಚಾಯಿತು.' ಬರೆದ ಮೇಲೆ ಅವನಿಗೆ ಹಸಿವಾಗುತ್ತಿತ್ತು, ಮನೆಗೆ ಹೋಗಿ ಮಗಳ ಜೊತೆ ಉಣ್ಣುತ್ತಿದ್ದ.