ಬಸ್ತಾಕ್ಕೆ ಹಾಸಿದ ಗಾದಿ

ಬ್ರೇಕ್ ಹಿಡಿಯಲಿಲ್ಲ!

ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಅದರ ಪಕ್ಕದ ಮೂರಡಿ ಜಾಗದಲ್ಲಿ ಶಾದಾಬನ ಬೈಕು ನುಗ್ಗಿ ಹೋಯಿತು. ನನ್ನ ಹಳೆಯ ಆಮ್ನಿ ವ್ಯಾನು ಹೋಗುವಂತಿರಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುವಿದೆ. ಗಾಡಿ ಹೊಲಕ್ಕಿಳಿದು, ಬದುವಿಗೆ ಬಡಿದು, ಮತ್ತೆ ರಸ್ತೆಗೆ ಬಂತು. ನಾಲಿಗೆ ಕಚ್ಚಿಕೊಂಡೆ.

ಬಾಯಲ್ಲಿ ರಕ್ತ... ಆದರೆ ಅವನ ಬೆನ್ನು ಬಿಡಲಿಲ್ಲ!

ಖಾನಾಪುರ ದಾಟಿ ಪಾರಿಶ್ವಾಡದ ರಸ್ತೆಯಲ್ಲಿ ಅವನ ಬೈಕು ಜಲ್ಲಿಯ ಮೇಲೆ ಜಾರಿತು. ಎದ್ದು ಓಡುವ ಮೊದಲೇ ಕಾಲರ್ ನನ್ನ ಕೈಯಲ್ಲಿತ್ತು.

ನಾನು ದಾನೇಶ್ವರಿ. ಹನ್ನೊಂದು ವರ್ಷ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದವಳು. ಈಗ ಕೊರಿಯರ್ ಕಂಪನಿಗಳಿಗೆ ಕಳೆದುಹೋದ ಮಾಲು ಹುಡುಕಿಕೊಡುತ್ತೇನೆ. ಸಿಕ್ಕರೆ ಥ್ಯಾಂಕ್ಸ್ ಇಲ್ಲ, ಸಿಗದಿದ್ದರೆ ಬೈಗುಳ ತಪ್ಪಿದ್ದಲ್ಲ.

ಕೇಸು ಸಣ್ಣದು. ಪಾರಿಶ್ವಾಡದ ಮದುವೆ ಮನೆಯೊಂದಕ್ಕೆ ಹದಿನಾಲ್ಕು ಪಾರ್ಸಲ್. ಎಲ್ಲವೂ ಆನ್‌ಲೈನ್‌ನಲ್ಲಿ ತರಿಸಿದ ಬಟ್ಟೆ. ಬುಧವಾರ ಡೆಲಿವರಿಯ ಶಾದಾಬ ಫೋನಿನಲ್ಲಿ ‘ತಲುಪಿಸಿದೆ’ ಎಂದು ಒತ್ತಿದ್ದ. ಮನೆಗೆ ಒಂದೂ ತಲುಪಿರಲಿಲ್ಲ! ಇವತ್ತು ಶುಕ್ರವಾರ, ರವಿವಾರ ಮದುವೆ. ಸಂಜೆ ಐದರೊಳಗೆ ಮಾಲು ಬರದಿದ್ದರೆ ಶಾದಾಬನ ಮೇಲೆ ಕಳ್ಳತನದ ಕೇಸು ಎಂದು ಟಿಳಕವಾಡಿ ಗೋದಾಮಿನ ಇನ್‌ಚಾರ್ಜ್ ಲಕ್ಷ್ಮಣ ಹೇಳಿದ್ದ. ಹೇಳುವ ಮೊದಲೇ ರಾಡಿನಿಂದ ಎರಡೇಟು ಹಾಕಿದ್ದ. ಮೂರನೆಯದಕ್ಕೆ ಕೈ ಎತ್ತಿದಾಗ ಶಾದಾಬ ಬೈಕು ಹತ್ತಿ ಓಡಿದ್ದ.

ಕೇಳಿದೆ. ಗದರಿಸಿದೆ. ಕೈ ತಿರುವಿದೆ. ನಲವತ್ತು ದಾಟಿದ ಮನುಷ್ಯ, ಮೂರು ಮಕ್ಕಳ ತಂದೆ. ಜೈಲು ಎಂದರೂ ಬಾಯಿಬಿಡಲಿಲ್ಲ.

“ಕಳದಾವ್ರೀ ಮೇಡಂ. ನನ್ನ ಕೈಯಿಂದ ಕಳದಾವ,” ಎಂದ. ಅಷ್ಟೇ.

ನನಗೆ ಒಂದು ಸಂಗತಿ ಹೊಂದಲಿಲ್ಲ. ತಪ್ಪಿಸಿಕೊಳ್ಳುವವನು ಗೋವಾ ಕಡೆ ಓಡುತ್ತಾನೆ. ಇವನು ಮದುವೆ ಮನೆಯ ಕಡೆಗೇ ಯಾಕೆ ಹೊರಟಿದ್ದ?

ಆಮ್ನಿಯಲ್ಲಿ ಕೂರಿಸಿಕೊಂಡು ಅಲ್ಲಿಗೇ ಹೋದೆ.

ಅಂಗಳದಲ್ಲಿ ಹಂದರ ಹಾಕುತ್ತಿದ್ದರು. ಯಾರ ಮುಖದಲ್ಲೂ ಗಾಬರಿ ಇಲ್ಲ! ದೂರು ಕೊಟ್ಟಾಯಿತು, ನಾಳೆ ಬೇರೆ ಪಾರ್ಸಲ್ ಬರುತ್ತವೆ ಎಂದು ಮದುಮಗಳು ಸಮೃದ್ಧಿ ಫೋನು ತೋರಿಸಿದಳು. ಮುಖ ಸಣ್ಣದು ಮಾಡಿಕೊಂಡು ಕುಳಿತವಳು ಅವಳ ಅಜ್ಜಿ ಕಾಂತವ್ವ ಒಬ್ಬಳೇ.

ಮದುವೆಗೆ ಇಡೀ ಬಳಗದ ಬಟ್ಟೆಯನ್ನು ಒಂದೇ ಅಂಗಡಿಯಲ್ಲಿ ಕುಳಿತು ತೆಗೆಯುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಈ ಮನೆಯ ಮೂರು ತಲೆಮಾರಿನ ಬಸ್ತಾ ಬೆಳಗಾವಿ ಖಡೇಬಜಾರಿನ ಗುರುಪುತ್ರಪ್ಪನವರ ಅಂಗಡಿಯಲ್ಲೇ ಆಗಿತ್ತಂತೆ. ಗಾದಿಯ ಮೇಲೆ ಮೂವತ್ತು ಜನ. ಮಧ್ಯಾಹ್ನದ ಊಟ ಅಂಗಡಿಯವರದೇ. ಏಳುವಾಗ ಹಿರಿಯ ಹೆಂಗಸಿಗೆ ಅವರ ಕಡೆಯಿಂದ ಒಂದು ಸೀರೆ. ಈ ಸಲ ಮಕ್ಕಳೆಲ್ಲ ಸೇರಿ ಫೋನಿನಲ್ಲೇ ಮುಗಿಸಿಬಿಟ್ಟಿದ್ದರು. ಸೋಮವಾರ ಗುರುಪುತ್ರಪ್ಪನವರೇ ಫೋನು ಮಾಡಿ, ಬಸ್ತಾಕ್ಕೆ ಯಾವಾಗ ಬರುತ್ತೀರಿ ಎಂದು ಕೇಳಿದರಂತೆ. ಬುಧವಾರ ಪಾರ್ಸಲ್ ಬರುತ್ತದೆ ಎಂದು ಕಾಂತವ್ವ ನಾಚಿಕೊಳ್ಳುತ್ತಲೇ ಹೇಳಿದ್ದಳು.

“ನಿನ್ನೆ ಮತ್ತ ಫೋನ್ ಮಾಡಿದ್ರು,” ಎಂದಳು ಅಜ್ಜಿ. “ಅರಿವಿ ಬಟ್ಟಿ ಬಂದ್ವೇನು ಅಂತ ಕೇಳಿದ್ರು. ಇಲ್ರೀ ಅಂದೆ. ಅಂಗಡಿ ತಗದೇತಿ ಕಾಂತವ್ವಾ, ಯಾವಾಗ ಬಂದ್ರೂ ನಡೀತೈತಿ ಅಂದ್ರು.”

ಪಕ್ಕದಲ್ಲಿ ಶಾದಾಬ ತಲೆ ತಗ್ಗಿಸಿದ. ಪಾರ್ಸಲ್ ಯಾರ ಹತ್ತಿರ ಇವೆ ಎಂಬುದಕ್ಕೆ ಅಲ್ಲಿಗೆ ನನಗೆ ಉತ್ತರ ಸಿಕ್ಕಿತು!

ಗಾಡಿಯಲ್ಲಿ ಅವನು ಬಾಯಿಬಿಟ್ಟ. ಅದೇ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಸೀರೆ ಬಿಚ್ಚಿ ತೋರಿಸಿದವನು ಅವನು. ಗಿರಾಕಿ ನಿಂತುಹೋದ ಮೇಲೆ ಸಾವಕಾರರು ಅಳುತ್ತಲೇ ಅವನನ್ನು ಕೆಲಸದಿಂದ ಬಿಡಿಸಿದ್ದರು. ಬುಧವಾರ ಖಾನಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಅವರು ಆಟೊ ಮಾಡಿಕೊಂಡು ನಿಂತಿದ್ದರು. ಮದುವೆ ಮನೆಗೇ ಹೊರಟಿದ್ದೇನೆ, ನಾನೇ ಮುಟ್ಟಿಸುತ್ತೇನೆ ಎಂದರು. ಇವನು ಕೊಟ್ಟ. ಇವತ್ತಾದರೂ ಮುಟ್ಟಿಸಿರಬಹುದು ಎಂಬ ಆಸೆಯಿಂದಲೇ ಪಾರಿಶ್ವಾಡಕ್ಕೆ ಓಡಿಬಂದಿದ್ದ.

ಮೂರೂವರೆ. ಆಕ್ಸಿಲರೇಟರ್ ತುಳಿದೆ.

ದೇಸೂರಿನ ಹತ್ತಿರ ಲಕ್ಷ್ಮಣನ ಇಬ್ಬರು ಆಳುಗಳು ಜೀಪು ಅಡ್ಡ ಹಾಕಿದರು. ಶಾದಾಬನನ್ನು ತಮ್ಮ ಕೈಗೆ ಕೊಡಬೇಕಂತೆ. ನಾನು ಜಾಕ್ ರಾಡು ಹಿಡಿದು ಇಳಿದೆ. ಮಾತು ಬೆಳೆಸಲಿಲ್ಲ. ಒಬ್ಬನ ಮೊಣಕಾಲು, ಜೀಪಿನ ಎರಡು ಲೈಟು... ದಾರಿ ಬಿಟ್ಟರು!

ಖಡೇಬಜಾರು ಮುಟ್ಟಿದಾಗ ನಾಲ್ಕೂವರೆ. ಗುರುಪುತ್ರಪ್ಪನವರ ಅಂಗಡಿಯ ಎಡಬಲಕ್ಕೆ ಇಳಿದ ಶಟರುಗಳು. ಅವರ ಅಂಗಡಿ ಮಾತ್ರ ತೆರೆದಿತ್ತು. ಒಳಗೆ ಉದ್ದಕ್ಕೂ ಗಾದಿ, ಅದರ ಮೇಲೆ ಒಗೆದ ಬಿಳಿ ಹಾಸು, ಗೋಡೆಗೆ ಸಾಲಾಗಿ ಒರಗಲು ಲೋಡು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಎಪ್ಪತ್ತು ದಾಟಿದ ಮನುಷ್ಯ. ನನ್ನನ್ನು ಕಂಡವರೇ ಎದ್ದು ನಿಂತರು.

“ಬರ್ರಿ ಅಕ್ಕಾರ, ಕುಂದರ್ರಿ. ಪಾರಿಶ್ವಾಡದವರು ಹೌದಲ್ರೀ? ಉಳದವರು ಹಿಂದ ಬರಾಕತ್ತಾರೇನು?”

ಪೊಲೀಸ್ ಕೆಲಸದಲ್ಲಿ ಎಷ್ಟೋ ಹೆಣ ನೋಡಿದ್ದೇನೆ. ಇಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ.

ಅವರು ಬರುವುದಿಲ್ಲ ಎಂದೆ. ನಾಳೆ ಅವರಿಗೆ ಬೇರೆ ಪಾರ್ಸಲ್ ಬರುತ್ತವೆ ಎಂದೆ.

“ಎರಡ ದಿನದಾಗ? ಅಷ್ಟೂ ಅರಿವಿ?” ನಿಧಾನವಾಗಿ ಕುಳಿತರು. “ಸೂರತ್ತಿನಿಂದ ಮಾಲ್ ತರಸಾಕ ನನಗ ಹದಿನೈದ ದಿನಾ ಬೇಕಾಗತಿತ್ತು. ಮದವಿ ಹತ್ರ ಬಂದೈತಿ, ಇನ್ನೆಲ್ಲಿ ಹೋಗ್ತಾರ, ನನ್ನ ಕಡೇನ ಬರ್ತಾರ ಅಂತ ತಿಳದಿದ್ದೆ.”

ಕೌಂಟರಿನ ಹಿಂದೆ ಹದಿನಾಲ್ಕೂ ಪಾರ್ಸಲ್ ಇದ್ದವು. ಒಂದರ ಟೇಪೂ ಕಿತ್ತಿರಲಿಲ್ಲ. ತಿಂಗಳ ಕೊನೆಗೆ ಅಂಗಡಿ ಮುಚ್ಚುವುದು ಖಾತ್ರಿಯಾಗಿತ್ತಂತೆ. ಅದಕ್ಕೂ ಮೊದಲು ಒಂದೇ ಒಂದು ಬಸ್ತಾ ಆಗಲಿ, ಆಮೇಲೆ ಪಾರ್ಸಲ್ ತಾವೇ ಒಯ್ದು ಕೊಡೋಣ ಎಂದುಕೊಂಡಿದ್ದರು.

ಬಾಗಿಲಲ್ಲಿ ಶಾದಾಬ ಬಂದು ನಿಂತ. ಹರಿದ ಅಂಗಿ. ಭುಜದ ಮೇಲೆ ರಾಡಿನ ಬಾಸುಂಡೆ. ಮುದುಕರ ಮುಖ ಬಿಳಿಚಿಕೊಂಡಿತು.

“ನನ್ನ ಹೆಸರ ಹೇಳಿಲ್ಲೇನೋ? ನೀ ಹೇಳ್ತಿ, ಕಂಪನಿಯವರು ನನ್ನ ಕೇಳಾಕ ಬರ್ತಾರ ಅಂತ ತಯಾರಾಗೇ ಕುಂತಿದ್ದೆ.”

“ನಿಮ್ಮ ಹೆಸರ ಹೆಂಗ ಹೇಳ್ಲಿರೀ ಸಾವಕಾರ್ರ?” ಎಂದ ಶಾದಾಬ.

ಅವರು ಅವನ ಭುಜದ ಬಾಸುಂಡೆ ಮುಟ್ಟಿ ನೋಡಿದರು. ಕಂಪನಿ ಎಂದರೆ ಮನುಷ್ಯರಲ್ಲ, ಅದರದು ಕದ್ದರೆ ಯಾರಿಗೂ ನೋವಾಗುವುದಿಲ್ಲ ಎಂದು ತಿಳಿದಿದ್ದರಂತೆ. ಹೇಳುತ್ತಾ ಹೇಳುತ್ತಾ ಅತ್ತರು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲೂ ನೀರು ಬಂತು.

ಐದಕ್ಕೆ ಐದು ನಿಮಿಷ! ಪಾರ್ಸಲ್‌ಗಳನ್ನು ಲಕ್ಷ್ಮಣನ ಟೇಬಲ್ಲಿನ ಮುಂದೆ ಸುರಿದೆ. ನಾನು ಬಾಯಿ ತೆರೆಯುವ ಮೊದಲೇ ಗುರುಪುತ್ರಪ್ಪನವರು ಮುಂದೆ ಬಂದರು.

“ಕದ್ದಾಂವ ನಾನು. ಇವಂದೇನೂ ತಪ್ಪಿಲ್ಲ. ಬರಕೋರಿ.”

ಲಕ್ಷ್ಮಣ ಬರೆದುಕೊಳ್ಳಲಿಲ್ಲ. ಬದಲಿ ಮಾಲು ಹೊರಟಿದ್ದರಿಂದ ಕಂಪ್ಯೂಟರಿನಲ್ಲಿ ಆ ಆರ್ಡರ್ ನಿನ್ನೆಯೇ ಮುಗಿದಿತ್ತು. ತಿರುಗಿ ಬಂದ ಮಾಲನ್ನು ಎಲ್ಲಿ ಹಾಕಬೇಕೆಂದು ಅವನಿಗೂ ತಿಳಿಯಲಿಲ್ಲ. ಮೇಲಿನವರಿಗೆ ಫೋನು ಮಾಡಿದ. ಮುದುಕನೊಬ್ಬನ ಮೇಲೆ ಕೇಸು ಹಾಕಿ ಪೇಪರಿನಲ್ಲಿ ಹೆಸರು ಕೆಡಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಕೇಸು ಇಲ್ಲ.

ಆದರೆ ಶಾದಾಬನ ಐಡಿ ಬಂದ್! ಪಾರ್ಸಲನ್ನು ಮೂರನೆಯವರ ಕೈಗೆ ಕೊಟ್ಟಿದ್ದಕ್ಕೆ ಕೆಲಸ ಹೋಯಿತು. ಅದು ತನ್ನ ಕೈಯಲ್ಲಿಲ್ಲ ಎಂದ ಲಕ್ಷ್ಮಣ. ಆ ಹೊತ್ತಿಗೆ ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ.

ಹೊರಗೆ ಬಂದೆವು. ತಿಂಗಳು ಮುಗಿಯುವವರೆಗೆ ಅಂಗಡಿಗೆ ಬಾ ಎಂದು ಸಾವಕಾರರು ಶಾದಾಬನಿಗೆ ಹೇಳಿದರು. ಅವನು ಹೂಂ ಎಂದ. ಸೀರೆ ಬಿಚ್ಚಿ ತೋರಿಸಲು ಯಾರೂ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಇಬ್ಬರೂ ನಾಳೆ ಎಷ್ಟು ಹೊತ್ತಿಗೆ ಶಟರು ಎತ್ತುವುದೆಂದು ಮಾತಾಡಿಕೊಂಡರು.

ಗಾಡಿ ಹತ್ತುವಾಗ ಗುರುಪುತ್ರಪ್ಪನವರು ನನ್ನ ಕಡೆ ತಿರುಗಿದರು.

“ಕಳದ ಮಾಲ್ ಹುಡುಕಿ ಕೊಡ್ತೀರಿ ಅಕ್ಕಾರ. ಕಳದ ಗಿರಾಕಿ ಹುಡುಕಿ ಕೊಡ್ತೀರೇನು?”

ನಾನು ಇಂಜಿನ್ ಚಾಲೂ ಮಾಡಿದೆ. ಹುಡುಕುವುದೇನು ಬಂತು... ಮೈಮೇಲಿದ್ದ ಕುರ್ತಾವನ್ನು ಹೋದ ವಾರವಷ್ಟೇ ಫೋನಿನಲ್ಲಿ ತರಿಸಿದ್ದೆ!